ಮಾವ ಮಾತಾಡಿಸಿದ ಚೀನಿ ಸಿನಿಮಾ

ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದರೆ ನನಗೆ ಬೊಂಬೆಗಳು ನೆನಪಾಗುವುದಿಲ್ಲ, ಚೀನಿಯವರ ಹೊಡೆದಾಟ ನೆನಪಾಗುತ್ತದೆ. ಕೇಳಿದವರು ನಗುತ್ತಾರೆ, ನಗಲಿ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಬಂದು ಸೇರಿದ್ದು ಚನ್ನಪಟ್ಟಣದ ಸೋದರಮಾವನ ಮನೆಗೆ. ಪಡಸಾಲೆಯಲ್ಲೇ ಅವನ ಮರ ಕಡೆಯುವ ಯಂತ್ರ. ಗಿರಗಿರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಕರಗಿ ಹತ್ತಿಕೊಳ್ಳುತ್ತಿತ್ತು, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಅಮ್ಮ ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು. ವರ್ಷವಾಗುತ್ತ ಬಂದರೂ ಅವಳು ಒಮ್ಮೆಯೂ ನಕ್ಕಿರಲಿಲ್ಲ. ಮಾವನಿಗೆ ಅದೇ ಕೊರಗು.

ಒಂದು ಭಾನುವಾರ ಅವನು ಟಿವಿ, ವಿಸಿಪಿ, ಜೊತೆಗೊಂದು ಚೀನಿ ಹೊಡೆದಾಟದ ಸಿನಿಮಾ ಕ್ಯಾಸೆಟ್ಟು ಬಾಡಿಗೆಗೆ ತಂದ. ಕ್ಯಾಸೆಟ್ಟಿನ ಸದ್ದು ಕೆಟ್ಟಿತ್ತು. ಸರಿಯಿದ್ದಿದ್ದರೂ ಚೀನಿ ಭಾಷೆ ಯಾರಿಗೆ ಬರುತ್ತಿತ್ತು? ಮಾವ ಜಗ್ಗಲಿಲ್ಲ. ಬಣ್ಣ ಸರಿಬಾರದೆ ಬದಿಗಿಟ್ಟಿದ್ದ ಬೊಂಬೆ, ಬುಗುರಿ, ಗಿಲಕಿಗಳನ್ನು ಮಡಿಲಿಗೆ ಸುರಿದುಕೊಂಡು ಟಿವಿ ಪಕ್ಕ ಕೂತ. ಗುದ್ದು ಬಿದ್ದಾಗಲೆಲ್ಲ ಎರಡು ಬುಗುರಿ ಕುಟ್ಟಿದ, ಯಾರದಾದರೂ ಹಲ್ಲು ಉದುರಿದರೆ ಗಿಲಕಿ ಆಡಿಸಿದ. ಸೋಮಾರಿ ಶಿಷ್ಯ ನೀರಿನ ಬಿಂದಿಗೆ ಹೊತ್ತು ಬೆಂಚಿನಿಂದ ಬೆಂಚಿಗೆ ನೆಗೆದು ಬಿದ್ದರೆ, ಮುದುಕ ಗುರುವಿನ ಬಾಯಲ್ಲಿ ಮಾವನ ದನಿ, ನಮ್ಮೂರ ಬೈಗುಳ. ನಾನು ಹೊಟ್ಟೆ ಹಿಡಿದುಕೊಂಡು ಉರುಳಾಡಿದೆ. ಎಷ್ಟು ಏಟು ತಿಂದರೂ ಆ ಸಿನಿಮಾದಲ್ಲಿ ಬಿದ್ದವರು ಮೈ ಕೊಡವಿಕೊಂಡು ಏಳುತ್ತಿದ್ದರು. ಅಪ್ಪನನ್ನು ಕಳೆದುಕೊಂಡ ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಹಿಡಿಸಿತ್ತು.

ಕೊನೆಯಲ್ಲಿ ಗುರುವೇ ಬಿದ್ದ. ಏಳಲಿಲ್ಲ. ಶಿಷ್ಯ ಅತ್ತ. ಮಾವ ಕುಟ್ಟುವುದು ಬಿಟ್ಟು ಅಮ್ಮನ ಕಡೆ ತಿರುಗಿದ.

"ಸತ್ತಿಲ್ಲ ಕಣವ್ವ, ಮಲಗವ್ನೆ," ಎಂದ. "ಈ ದಡ್ಡನ್ಗೆ ಹೇಳ್ಕೊಟ್ಟು ಸುಸ್ತಾಗೈತೆ."

ಗುರುವಿನ ಪರವಾಗಿ ಗೊರಕೆಯನ್ನೂ ಹೊಡೆದು, ವಿಸಿಪಿ ನಿಲ್ಲಿಸಿಯೇಬಿಟ್ಟ. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಮಾವ ಬುಗುರಿಗಳನ್ನು ಕೆಳಗಿಟ್ಟು ಅವಳನ್ನೇ ನೋಡುತ್ತ ಕೂತ.

ಮಾವ ತೀರಿಕೊಂಡು ವರ್ಷಗಳಾದವು. ಆ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮೊನ್ನೆ ಅದೇ ಸಿನಿಮಾ ಫೋನಿನಲ್ಲಿ ಸಿಕ್ಕಿತು. ಅಮ್ಮನನ್ನು ಪಕ್ಕ ಕೂರಿಸಿಕೊಂಡು ಕೊನೆಯವರೆಗೂ ನೋಡಿದೆ. ಶಿಷ್ಯ ಗುರುವಿನ ಸಮಾಧಿಗೆ ಮಣ್ಣು ಹಾಕುತ್ತಿದ್ದ. ಮಾವ ಸುಳ್ಳು ಹೇಳಿ ನಿನ್ನನ್ನು ನಗಿಸಿದ್ದ, ನೋಡು ಅಂದೆ.

"ಅವತ್ತೇ ಗೊತ್ತಿತ್ತು ಕಣೆ," ಎಂದಳು ಅಮ್ಮ. "ನಮ್ಮಣ್ಣ ಬೆವರು ಸುರಿಸ್ಕೊಂಡು ಅಷ್ಟು ಒದ್ದಾಡ್ತಿದ್ದ. ನೋಡಕಾಗ್ದೆ ನಕ್ಬುಟ್ಟೆ."

ಆಮೇಲೆ, ಸದ್ದು ಪೂರ್ತಿ ನಿಲ್ಲಿಸಿ ಮೊದಲಿನಿಂದ ಹಾಕು ಅಂದಳು. ಹಾಕಿದೆ. ಏಟುಗಳು ಸದ್ದಿಲ್ಲದೆ ಬೀಳತೊಡಗಿದವು. ಬುಗುರಿ ಕುಟ್ಟುವವನು ಮಾತ್ರ ಇರಲಿಲ್ಲ.