ಗಾಂಜಾ ಠರಾವಿಗೆ ಎದ್ದ ಕೈ

ಕೂಸಿನ ಹೇಲು ಬಳಿಯುವಾಗ, ಕುರಿಯ ಗಾಯದಿಂದ ಹುಳ ತೆಗೆಯುವಾಗ ರೇವವ್ವನಿಗೆ ಎಂದೂ ಹೇಸಿಕೆ ಬಂದದ್ದಿಲ್ಲ. ಅವಳು ಮೂಗು ಮುಚ್ಚುತ್ತಿದ್ದದ್ದು ಅಂಗೈಯಗಲದ ಒಂದು ಅರಿವೆಗೆ. ಗಂಡ ಅಮಸಿದ್ದ ಅದನ್ನು ಮಗನ ತೊಟ್ಟಿಲ ಬಟ್ಟೆಯಿಂದಲೇ ಹರಿದು, ತೋಯಿಸಿ, ಗಾಂಜಾ ಸೇದುವ ಚಿಲುಮೆಯ ಬಾಯಿಗೆ ಸುತ್ತಿಕೊಂಡಿದ್ದ.

ಸಂಜೆ ಹನುಮಪ್ಪನ ಗುಡಿಕಟ್ಟೆಯ ಮೇಲೆ ಭಜನೆ. ಪಂಚಾಯತಿ ಚೇರ್ಮನ್ ಬಸಂತರಾಯಗೌಡರು ಅಮಸಿದ್ದನ ಚಿಲುಮೆಯಿಂದ ಒಂದು ದಮ್ಮು ಎಳೆದು ಕಿರಾಣಿ ಅಂಗಡಿಯ ಮಡಿವಾಳಪ್ಪನಿಗೆ ಕೊಡುವರು, ಅವನು ಪಕ್ಕದವನಿಗೆ. ಹಗಲಲ್ಲಿ ಗೌಡರು ಬಂದರೆ ಅಮಸಿದ್ದ ಕಟ್ಟೆಯಿಂದ ಇಳಿದು ನಿಲ್ಲಬೇಕು; ಚಿಲುಮೆಗೆ ಮಾತ್ರ ಮೇಲು ಕೆಳಗಿಲ್ಲ. ಊರವರ ಉಗುಳು ಹೀರಿ ಕಂದಿದ ಆ ಅರಿವೆಪಟ್ಟಿ ಮನೆಗೆ ಬಂದರೆ ರೇವವ್ವ, "ಥೂ, ಹೊರಗಿಡು" ಎನ್ನುವಳು.

ಎಪ್ಪತ್ತೆಂಟರ ಸುಗ್ಗಿಗೆ ಪೊಲೀಸರು ಬಂದರು. ಅಮಸಿದ್ದನ ಹೊಲದ ತೊಗರಿ ಸಾಲಿನಲ್ಲಿದ್ದ ಎರಡು ಗಾಂಜಾ ಗಿಡ ಕಿತ್ತರು. ಚಿಲುಮೆಯನ್ನೂ ಅಮಸಿದ್ದನನ್ನೂ ಜೀಪಿಗೆ ಹಾಕಿಕೊಂಡು ಹೋದರು. ಪಟ್ಟಿ ಅಲ್ಲೇ ಬಿದ್ದಿತ್ತು.

ಬಸಂತರಾಯಗೌಡರು ತಾವಾಗಿಯೇ ಮನೆಗೆ ಬಂದರು. "ಅಳಬ್ಯಾಡ ತಂಗಿ. ಚಿಟಿಕಿ ಗಾಂಜಾಕ್ಕ ಜೇಲು ಬ್ಯಾಡಂತ ಸರಕಾರಕ್ಕ ಬರಿಯೂಣು. ಊರು ಕೈ ಎತ್ತಿ ಠರಾವು ಪಾಸಾದ್ರ ನಾನ ಠಾಣೇದ ಫೌಜದಾರ್ರ ಕೈಯಾಗ ಕೊಟ್ಟು ಅಮಸಿದ್ದನ್ನ ಬಿಡಿಸ್ಕೊಂಡು ಬರ್ತೇನಿ."

ನೆರೆಮನೆಯ ಚಂದವ್ವ ಕೆಣಕಿದಳು. "ಗಾಂಜಾ ಅಂದ್ರ ಉಗಳಾಕಿ ನೀ. ಈಗ ಅದಕ್ಕ ಕೈ ಎತ್ತಾಕ ಹೊಂಟೀ?"

"ಹೇಸಿಕಿ ಐತಿ ಬೇ. ಹಂಗಂತ ಕೂಸಿನ ಅಪ್ಪನ್ನ ಜೇಲಿನ್ಯಾಗ ಕೊಳಿಸ್ಲೇನು? ಮನಿಗೆ ಬರ್ಲಿ, ಚಿಲುಮಿ ನಾ ಒಡೀತೇನಿ. ಅದಕ್ಕ ಪೊಲೀಸರು ಯಾಕ ಬೇಕು?"

ಗಂಡ ಬಂದರೆ ಅವನೆದುರಿಗೇ ಸುಡಬೇಕೆಂದು ಆ ಪಟ್ಟಿಯನ್ನು ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂಸನ್ನೆತ್ತಿಕೊಂಡು ಚಾವಡಿಗೆ ನಡೆದಳು.

ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಫೌಜದಾರರೇ ಕುಳಿತಿದ್ದರು. ಗೌಡರು ಠರಾವನ್ನು ಗಡಬಡಿಸಿ ಓದಿ ಮುಗಿಸಿದರು. "ಒಪ್ಪಿದವರು ಕೈ ಎತ್ರಿ" ಎಂದವರು ತಮ್ಮ ಕೈಯನ್ನು ಶಲ್ಯದೊಳಗೆ ಎಳೆದುಕೊಂಡರು. ಭಜನೆಯವರೆಲ್ಲ ನೆಲ ನೋಡಿದರು.

ರೇವವ್ವ ಕೈ ಎತ್ತಿದಳು.

"ಏನ್ರಿ ಗೌಡ್ರ, ಹೆಣ್ಮಕ್ಕಳೂ ದಮ್ಮು ಹೊಡಿಯಾಕ ಸುರು ಮಾಡ್ಯಾರ?" ಮಡಿವಾಳಪ್ಪ ಕಿಸಕ್ಕನೆ ನಕ್ಕ. ಮಂದಿಯೂ ನಕ್ಕಿತು.

ರೇವವ್ವ ಎಲೆ ಬಿಚ್ಚಿ ಪಟ್ಟಿಯನ್ನು ಅವನ ಮುಂದೆ ಒಗೆದಳು. "ಕಾಕಾ, ಇದು ನನ್ನ ಮಗನ ತೊಟ್ಟಿಲ ಅರಿವಿ. ಇದರಾಗ ನಿಮ್ಮ ಉಗುಳೈತಿ, ಗೌಡ್ರ ಉಗುಳೈತಿ. ನಂದಷ್ಟ ಇಲ್ಲ. ಗುರ್ತು ಸಿಗವಲ್ದೇನು?"

ಗೌಡರು ಮೂಗಿಗೆ ಶಲ್ಯ ಹಿಡಿದರು. "ಛೀ ಛೀ, ಏನ್ ಹೊಲಸು! ಎತ್ತಿ ಒಗೀರೋ." ಫೌಜದಾರರು ಮೀಸೆಯೊಳಗೆ ನಕ್ಕು ಎದ್ದರು. ಒಂದು ಕೈಗೆ ಠರಾವು ಪಾಸಾಗಲಿಲ್ಲ.

ಅಂದು ಸಂಜೆಯೂ ಗುಡಿಕಟ್ಟೆಯಲ್ಲಿ ಭಜನೆ ತಪ್ಪಲಿಲ್ಲ, ಹೊಗೆಯೂ ತಪ್ಪಲಿಲ್ಲ. ಹೊಸ ಪಟ್ಟಿ ಯಾರ ಮನೆಯದೋ. ರೇವವ್ವ ಬಾಗಿಲಲ್ಲಿ ನಿಂತು ಆ ಕಡೆ ಉಗುಳಿ ಒಳಗೆ ಹೋದಳು.

ಮರುದಿನ ರೊಟ್ಟಿಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಜೇಲಿನ ಕಂಬಿಯ ಆಚೆಯಿಂದ ಅಮಸಿದ್ದ ಆಸೆಯಿಂದ ಕೇಳಿದ, "ಯಾರ್ಯಾರು ಎತ್ತಿದ್ರು?"

"ಒಬ್ಬರು."

"ಗೌಡ್ರೇನು?"

"ನಾನು."

ಅವನು ಕಂಬಿಗೆ ಮುಖ ಒತ್ತಿದ. "ನೀನಾ? ಚಿಲುಮಿ ಕಂಡ್ರ ಉಗಳ್ತಿದ್ದಿ!"

"ಈಗೂ ಉಗಳ್ತೇನಿ," ಎಂದಳು, ಕಂಬಿಯ ಸಂದಿಯಲ್ಲಿ ರೊಟ್ಟಿ ತೂರಿಸುತ್ತ. "ತಿನ್ನು, ಆರತೈತಿ."