ಬಾಜೂಮನಿ ಕಾಕು ತಿರುವಿದ ಸ್ಕ್ರೂ

ಮೊನ್ನೆ ಹೊಲಿಗಿ ಮಷಿನ್ನಿನ್ಯಾಗ ಅರಿವಿ ಒತ್ತಿ ಹಿಡಿಯೂ ಪಾದ ಅಲುಗಾಡಾಕತ್ತಿತ್ತು. ಎಣ್ಣಿ ಬಾಟ್ಲಿ ಹುಡುಕಾಕ ಅದರ ಖಾನಿ ಎಳದೆ. ಮಷಿನ್ ಎಣ್ಣಿ ವಾಸನಿ ಮೂಗಿಗೆ ಹೊಡೀತು. ಅದರ ಬೆನ್ನಿಗೇ ಬಾಜೂಮನಿ ಕಾಕು ನೆನಪಾದ್ರು... ಸೆರಗಿಗೆ ಕೈ ಒರಸ್ಕೋತ, ನಕ್ಕೋತ ಬರೋ ಕಾಕು.

ನಾನು ಮಮದಾಪುರದಿಂದ ವಿಜಯಪುರಕ್ಕ ಸೊಸಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದಿನ ಸಂಜಿಮುಂದ ಹೊಲಿಗಿಗೆ ಕುಂತಿದ್ದೆ, ಮರುದಿನ ನನ್ನ ತಂಗಿ ನಿಶ್ಚಯಕಾರ್ಯ. ಆಕಿ ಜಂಪರ್ ನಾನಽ ಹೊಲಿತೀನಂತ ತವರಾಗ ಬಡಾಯಿ ಕೊಚ್ಚಿ ಬಂದಿದ್ದೆ. ಒಂದು ತೋಳು ಉಳದಿತ್ತು, ಅಷ್ಟರಾಗ ಪಾದ ಸಡಲಾತು. "ಸರಿ, ನಾ ಗಟ್ಟಿ ಮಾಡ್ತೀನಿ" ಅಂತ ನಮ್ಮ ಮನ್ಯಾವ್ರು ಮುಂದಾದ್ರು. ಸ್ಕ್ರೂ ಬಿಚ್ಚಿದ್ರು, ಮತ್ತ ಹಾಕಿ ಪಕ್ಕಡದ ಬಾಯಾಗ ಹಿಡದು ತಿರುವಿದ್ದಽ ತಿರುವಿದ್ದು. ಅದು ಸೊಟ್ಟ ಹೊಕ್ಕು ಅರ್ಧಕ್ಕ ಕಚ್ಚಕೊಂಡು ಕುಂತಿತು. ಅತ್ಲಾಗ ಬರವಲ್ದು, ಇತ್ಲಾಗ ಹೋಗವಲ್ದು. ಇನ್ನ ತವರಿಗೆ ಯಾವ ಮುಖಾ ಹೊತ್ತು ಹೋಗಲಿ ಅಂತ ನನಗ ಅಳುವಽ ಬಂತು.

ಮಷಿನ್ ಸಪ್ಪಳ ನಿಂತದ್ದು ಕೇಳಿ ಕಾಕು ಬಂದ್ರು. ಅವರೂ ಹೊಲಿಗ್ಯಾಗಽ ಕೂದಲಾ ಬೆಳ್ಳಗ ಮಾಡ್ಕೊಂಡಾವ್ರು. ಪಕ್ಕಡ ನೋಡಿ ಮನ್ಯಾವ್ರಿಗೆ, "ಯಪ್ಪಾ, ಅದೇನು ಹೋರಿ ಅಂತ ತಿಳದೀ ಏನು, ಹಿಂಗ ಜಗ್ಗಾಡಾಕ?" ಅಂದ್ರು. ಇವರು ಹಲ್ಲು ಕಿಸದ್ರು.

ಕಾಕು ಒಂದ್ಹನಿ ಎಣ್ಣಿ ಬಿಟ್ಟು, ಅದು ಇಳಿಯೂ ತನಕಾ ಚಹಾ ಕುಡಕೋತ ಕುಂತ್ರು. ನಾನು ಉಳದ ತೋಳು ಕೈಯಾಗ ಹಿಡಕೊಂಡು ಒಳಗ ಹೊರಗ ಓಡಾಡಿದೆ. ಆಮ್ಯಾಲ ಸ್ಕ್ರೂ ಮೆಲ್ಲಕ ಹೊರಗ ತಗದು, ತೂತಿನ್ಯಾಗ ತುಂಬಿದ್ದ ದಾರದ ಕಸಾ ಸೂಜೀಲೆ ಕೆದರಿದ್ರು.

"ನೋಡು ತಮ್ಮಾ, ಮೊದಲ ಹಿಂದಕ್ಕ ತಿರುವು. ಟಕ್ ಅಂತ ಅದಽ ತನ್ನ ಗೆರ್ಯಾಗ ಕುಂದರತೈತಿ. ಆಮ್ಯಾಲ ಬೆರಳಿಲೆ ಮುಂದಕ್ಕ. ಬೆರಳಿಗೆ ಹಗುರ ಬರಲಿಲ್ಲಂದ್ರ ಎಲ್ಲೋ ತಪ್ಪೇತಿ ಅಂತ ತಿಳಕೊ. ಜೋರು ಮಾಡಬ್ಯಾಡ."

ಟಕ್ ಅಂತು. ಮೂವರೂ ಕೇಳಿದ್ವಿ. ಮುಂಜಾನೆ ಬಸ್ ಹತ್ತೂಮುಂದ ಜಂಪರ್ ನನ್ನ ಚೀಲದಾಗಿತ್ತು.

ಅವತ್ತಿನಿಂದ ನಮ್ಮ ಮನ್ಯಾವ್ರಿಗೆ ಬಿಡುಗಡಿ ಇಲ್ಲ. ಕುಕ್ಕರ್ ಹಿಡಿಕಿ ಇರಲಿ, ಸೈಕಲ್ ಇರಲಿ, ಸಾಮಾನಿನ ಸಪ್ಪಳ ಕೇಳಿದ್ರ ಸಾಕು, ಗ್ವಾಡಿ ಆಚೆಯಿಂದ ಕಾಕು ಒದರೋರು, "ತಮ್ಮಾ, ಹಿಂದಕ್ಕ ತಿರುವಿದೇನು?" ಇವರು ತಿರುವಿರಲಿ ಬಿಡಲಿ, "ತಿರುವೀನ್ರಿ ಕಾಕು" ಅನ್ನೋರು. ಸುಳ್ಳಂತ ಕಾಕುಗೂ ಗೊತ್ತಿರತಿತ್ತು...

ಹೋದ ಯುಗಾದಿ ಮುಂದ ಕಾಕು ತೀರಕೊಂಡ್ರು. ಮನಿಗೆ ಬೀಗ ಬಿದ್ದೈತಿ. ಬಾಜೂಕ ಸಪ್ಪಳಿಲ್ಲದ ಮನಿ ಇದ್ರ ಹೊತ್ತಽ ಹೋಗೂದಿಲ್ಲ.

ಮೊನ್ನೆ ಎಣ್ಣಿ ಬಿಟ್ಟು ಸ್ಕ್ರೂ ಇವರ ಕೈಯಾಗ ಕೊಟ್ಟೆ. ಹಿಂದಕ್ಕ ತಿರುವಿದ್ರು. ಟಕ್ ಅಂತು. ಬೆರಳಿಲೆ ಗಟ್ಟಿ ಮಾಡಿದ್ರು. ಆಮ್ಯಾಲ ಗ್ವಾಡಿ ಕಡೆ ಮುಖಾ ಮಾಡಿ, ಯಾರೂ ಕೇಳಿರಲಿಲ್ಲ, ಆದ್ರೂ ಅಂದ್ರು: "ತಿರುವೀನ್ರಿ ಕಾಕು. ಇವತ್ತ ಖರೇನ ತಿರುವೀನಿ."