ಡಬ್ಬಿಯ ಕಾಡಿಗೆ ಕದ್ದವರು

ನಮ್ಮ ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದವಳು ನಾನೇ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಹಿಡಿದ ಮಸಿಯನ್ನು ಬೆಳಿಗ್ಗೆ ಕೆರೆದು, ತುಪ್ಪದಲ್ಲಿ ಕಲಸಿ ಡಬ್ಬಿಗೆ ತುಂಬುತ್ತಿದ್ದೆ. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಕಣ್ಣಿಗೊಂದಿಷ್ಟು, ಕೆನ್ನೆಗೊಂದು ದೃಷ್ಟಿಬೊಟ್ಟು, ನನ್ನ ಕಣ್ಣಿಗೆ ಒಂದೊಂದು ಗೆರೆ. ಇಷ್ಟಕ್ಕೆ ಒಂದು ಡಬ್ಬಿ ತಿಂಗಳುಗಟ್ಟಲೆ ಬರಬೇಕು. ಆ ವರ್ಷ ಯುಗಾದಿ ಕಳೆದ ಮೇಲೆ ಬರಲಿಲ್ಲ. ತುಂಬಿಟ್ಟ ವಾರಕ್ಕೇ ತಳ ಕಾಣುತ್ತಿತ್ತು. ಒಳಗೆ ಗಂಡಸಿನ ಬೆರಳಿನಷ್ಟು ದಪ್ಪನೆಯ ಗುರುತು.

ಅರವತ್ತರ ದಶಕದ ಶುರುವಿನ ಮಾತು ಇದು. ನಾವು ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಯಜಮಾನರು ಒಬ್ಬ ಸಾಹುಕಾರರ ಲಾರಿ ಓಡಿಸುತ್ತಿದ್ದರು. ಗೌರಿಬಿದನೂರಿನ ಕಡೆಯಿಂದ ಕಡಲೆಕಾಯಿ ತುಂಬಿಕೊಂಡು ಬಂದು, ಶಿಡ್ಲಘಟ್ಟದ ಮೇಲೆ ಚಿಂತಾಮಣಿಯ ಎಣ್ಣೆ ಗಾಣಗಳಿಗೆ ಇಳಿಸುವ ಕೆಲಸ. ಈಗ ಈ ಕಥೆ ಎತ್ತಿದರೆ ಅವರು ಬೊಚ್ಚು ಬಾಯಿ ತೆರೆದು ನಗುತ್ತಾರೆ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಕಾಡಿಗೆ ಯಾರು ತೆಗೆಯುತ್ತಾರೆ ಎಂದು ಕೇಳಿದ್ದಕ್ಕೆ ಅವರು ಇಲಿ ಎಂದರು. ಕಾಡಿಗೆ ಹಚ್ಚಿಕೊಳ್ಳುವ ಇಲಿಯನ್ನು ನಮ್ಮಪ್ಪನ ಮನೆಯಲ್ಲಿ ನಾನು ಕಂಡಿರಲಿಲ್ಲ. ಅವತ್ತಿನಿಂದ ಅವರ ಅಂಗಿ ಒಗೆಯುವಾಗ ತೋಳು, ಕಾಲರು ಎಲ್ಲವನ್ನೂ ಬಿಸಿಲಿಗೆ ಹಿಡಿದು ನೋಡತೊಡಗಿದೆ. ಗ್ರೀಸಿನ ಕಲೆ ನನಗೆ ಗೊತ್ತು, ಸೋಪಿಗೆ ಬಗ್ಗುವುದಿಲ್ಲ. ತೋಳಿನ ತುದಿಯಲ್ಲಿ ಸಿಕ್ಕಿದ್ದು ಬೇರೆ ಕಲೆ. ನನ್ನ ಕಾಡಿಗೆಯನ್ನು ನಾನೇ ಗುರುತು ಹಿಡಿಯದಿದ್ದರೆ ಇನ್ಯಾರು ಹಿಡಿಯಬೇಕು? ಅಷ್ಟರ ಮೇಲೆ ಅವರು ಮನೆಗೆ ಬರುವುದೂ ತಡವಾಗುತ್ತಿತ್ತು. ಕೇಳಿದರೆ ಗಾಣದಲ್ಲಿ ತೂಕಕ್ಕೆ ಕಾಯಿಸಿದರು ಎನ್ನುವರು, ಆದರೆ ನನ್ನ ಮುಖ ನೋಡಿ ಹೇಳುತ್ತಿರಲಿಲ್ಲ.

ಬೆಂಕಿಗೆ ತುಪ್ಪ ಸುರಿದವಳು ಪಕ್ಕದ ಮನೆಯಾಕೆ. ಅವಳ ತಮ್ಮ ಚಿಂತಾಮಣಿಯ ತರಕಾರಿ ಮಂಡಿಯಲ್ಲಿ ಕೆಲಸಕ್ಕಿದ್ದ. ಬಾವಿಕಟ್ಟೆಯ ಹತ್ತಿರ ಅವಳು ಬಿಂದಿಗೆ ಇಳಿಸಿ, ದನಿಯನ್ನೂ ಇಳಿಸಿ, "ನಿಮ್ಮೆಜಮಾನ್ರು ಸಂತೆ ಹಿಂದಿನ ಗಲ್ಲೀಲಿ ಯಾರ ಮನೆಗಮ್ಮ ಹೋಗೋದು? ನಮ್ಮ ತಮ್ಮ ಎರಡು ಮೂರು ಸಲ ನೋಡಿದ್ನಂತೆ" ಎಂದಳು. ನಮ್ಮ ದೂರದ ನೆಂಟರ ಮನೆ ಎಂದುಬಿಟ್ಟೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಕೋಪ ಬಂತು. ಮಗಳ ಕಣ್ಣಿಗೆ ಎಂದು ಮಾಡಿಟ್ಟ ಕಾಡಿಗೆಯನ್ನು ಒಯ್ದು ಯಾವಳ ಕಣ್ಣಿಗೋ ಹಚ್ಚುತ್ತಾರಲ್ಲ ಎಂದು ಹೊಟ್ಟೆ ಉರಿದುಹೋಯಿತು. ಇದು ನಿಜವಾದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಿಬಿಡುವುದು ಎಂದು ತೀರ್ಮಾನ ಮಾಡಿದೆ.

ಚಿಂತಾಮಣಿಯಲ್ಲಿ ನನ್ನ ಅಕ್ಕನ ಮನೆಯಿತ್ತು. ಮುಂದಿನ ಲೋಡಿನ ದಿನ ಮಗುವನ್ನು ಎತ್ತಿಕೊಂಡು, ಅಕ್ಕನನ್ನು ನೋಡಬೇಕು ಎಂದು ಲಾರಿಯ ಹತ್ತಿರ ಹೋಗಿ ನಿಂತೆ. ಅವರ ಮುಖ ಬಿಳಿಚಿಕೊಂಡಿತು.

"ಇವತ್ತು ಬೇಡ ಕಣೇ. ಇನ್ನೊಂದು ದಿನ ನಾನೇ ಬಸ್ಸಲ್ಲಿ ಕರ್ಕೊಂಡೋಗ್ತೀನಿ."

ಅದುವರೆಗೆ ಅರ್ಧವಾಗಿದ್ದ ಅನುಮಾನ ಆ ಮಾತಿಗೆ ತುಂಬಿಕೊಂಡಿತು. ನಾನು ಹತ್ತಿ ಅವರ ಎಡಕ್ಕೆ ಕೂತೆ.

ಶಿಡ್ಲಘಟ್ಟ ಮುಟ್ಟುವುದರೊಳಗೆ ಎರಡು ಕಡೆ ಲಾರಿ ನಿಲ್ಲಿಸಿದರು. ಇಳಿದು ಮುಂದಿನ ಚಕ್ರಗಳ ಹತ್ತಿರ ಬಗ್ಗಿ ಏನೋ ಮಾಡಿ, ಕೈ ಒರೆಸಿಕೊಂಡು ಬಂದು ಕೂರುವರು. ಏನೆಂದು ಕೇಳಿದರೆ, ಗಾಳಿ ನೋಡಿದೆ ಎಂದರು. ನನ್ನ ಮುಂದೆ ಹೊತ್ತು ಕಳೆಯುವ ನಾಟಕ ಎಂದುಕೊಂಡೆ. ದಾರಿಯುದ್ದಕ್ಕೂ ಅವರು ಹೊಲ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಎತ್ತಿನ ಗಾಡಿಯವರು ಕೂಡ ನಮ್ಮನ್ನು ಹಿಂದೆ ಹಾಕಿಯಾರು ಅನ್ನುವಷ್ಟು ನಿಧಾನವಾಗಿ ಓಡಿಸಿದರು.

ಚಿಂತಾಮಣಿಯಲ್ಲಿ ನಮ್ಮನ್ನು ಅಕ್ಕನ ಮನೆ ಮುಂದೆ ಇಳಿಸಿ, ಗಾಣಕ್ಕೆ ಹೋಗಿಬರುತ್ತೇನೆ ಎಂದರು. ನಾನು ಅಕ್ಕನಿಗೆ ಕಾರಣ ಕೂಡ ಹೇಳದೆ, ಸ್ವಲ್ಪ ಹೊತ್ತಿನಲ್ಲೇ ಮಗುವನ್ನು ಕಂಕುಳಿಗೆ ಹಾಕಿಕೊಂಡು ಸಂತೆಯ ಹಿಂದಿನ ಗಲ್ಲಿ ವಿಚಾರಿಸುತ್ತ ಹೊರಟೆ. ಆ ಹೆಂಗಸಿಗೆ ಏನೇನು ಅನ್ನಬೇಕು ಎಂದು ತೆಲುಗಿನಲ್ಲಿ ಒಂದಷ್ಟು, ಕನ್ನಡದಲ್ಲಿ ಒಂದಷ್ಟು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಗಲ್ಲಿಯ ಕೊನೆಯಲ್ಲಿ ಒಂದು ಗುಜರಿ ಅಂಗಡಿ. ಅದರ ಮುಂದೆ ಲಾರಿ ನಿಂತಿತ್ತು. ನಮ್ಮ ಯಜಮಾನರು ನನ್ನ ಕಡೆಗೆ ಬೆನ್ನು ಹಾಕಿ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎದುರಿಗೆ ಮಲಗಿಸಿದ್ದ ಸ್ಟೆಪ್ನಿ ಚಕ್ರ, ಪಕ್ಕದಲ್ಲಿ ತುಕ್ಕು ಹಿಡಿದ ನಟ್ಟುಗಳ ರಾಶಿ, ಕಾಗದದ ಮೇಲೆ ನನ್ನ ಕಾಡಿಗೆ. ಒಂದು ನಟ್ಟಿನ ಮೂತಿಗೆ ಕಾಡಿಗೆ ತೆಳ್ಳಗೆ ಸವರುವರು, ಚಕ್ರದ ತೂತಿನಲ್ಲಿ ಕೂರಿಸಿ ಅಮುಕಿ ತಿರುವುವರು, ತೆಗೆದು ತೂತಿನ ಬಾಯಿ ನೋಡುವರು, ತಲೆ ಆಡಿಸಿ ಎಸೆಯುವರು. ನಾನು ಹತ್ತಿರ ಹೋಗಿ ಅವರ ಪಕ್ಕಕ್ಕೆ ನಿಂತೆ.

ನನ್ನನ್ನು ನೋಡಿ ಅವರು ಬೆಚ್ಚಿಬಿದ್ದರು. ಇನ್ನು ಮುಚ್ಚಿಡಲು ಆಗಲಿಲ್ಲ. ಸಾಹುಕಾರರು ಯಾವುದೋ ಹಳೇ ಮಿಲಿಟರಿ ಲಾರಿಯ ಚಕ್ರಗಳನ್ನು ತಂದು ಮುಂದಕ್ಕೆ ಹಾಕಿಸಿದ್ದರಂತೆ. ಸ್ಟೆಪ್ನಿಯೂ ಅದೇ ಜಾತಿಯದು, ನಟ್ಟು ಮಾತ್ರ ಮೊದಲಿನವೇ. ನಟ್ಟಿನ ಒಳಸುತ್ತು ಬೋಲ್ಟಿಗೆ ಚೆನ್ನಾಗಿ ಕೂತು ಬಿಗಿಯಾಗುತ್ತದೆ, ನೋಡಿದವರಿಗೆಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಈ ಚಕ್ರದ ತೂತಿನ ಬಾಯಿ ಬಟ್ಟಲಿನ ಒಳಗಿನಂತೆ ದುಂಡಗಿದೆ, ಆ ನಟ್ಟಿನ ಮೂತಿ ನೇರ ಇಳಿಜಾರು. ಒಂದಕ್ಕೊಂದು ಅಂಟಿ ಕೂರುವುದಿಲ್ಲ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಸಾಹುಕಾರರಿಗೆ ಹೇಳಿದರೆ ಇನ್ನೊಂದು ಸುತ್ತು ಬಿಗಿ ಮಾಡು ಎಂದರಂತೆ.

ನಟ್ಟು ತಾಗಿದ ಕಡೆ ಮಾತ್ರ ಕಾಡಿಗೆ ಅಂಟುತ್ತದೆ ಎಂದು, ಅವರು ಹಳೆಯ ನಟ್ಟಿಗೆ ಸವರಿ ಕೂರಿಸಿ ತೆಗೆದು ತೋರಿಸಿದರು. ತೂತಿನ ಬಾಯಲ್ಲಿ ದಾರದಷ್ಟು ತೆಳ್ಳಗೆ ಒಂದು ಕರಿಗೆರೆ, ಅಷ್ಟೇ. ರಾಶಿಯಲ್ಲಿ ಸಿಕ್ಕಿದ್ದ ದುಂಡು ಮೂತಿಯ ನಟ್ಟು ಕೂರಿಸಿದಾಗ ಬಾಯಿಯೆಲ್ಲ ಕಪ್ಪಾಯಿತು. ಚಕ್ರವನ್ನು ಹಿಡಿದುಕೊಂಡಿದ್ದದ್ದು ಆ ದಾರದಷ್ಟು ಗೆರೆ. ಅದರ ಮೇಲೆ ಯುಗಾದಿಯಿಂದ ಕಡಲೆಕಾಯಿ ಮೂಟೆ, ಅವರ ಜೀವ. ಇವತ್ತು ನಾನು, ನನ್ನ ಮಗು.

"ಗೊತ್ತಿದ್ದೂ ಓಡಿಸ್ತಿದ್ರಾ?" ಎಂದೆ.

"ನಾನಾದ್ರೆ ನಿಲ್ಲಿಸಿ ನಿಲ್ಲಿಸಿ ಬಿಗಿ ಮಾಡ್ಕೊಂಡು ಬರ್ತೀನಿ. ಕೆಲಸ ಬಿಟ್ರೆ ಬೇರೆ ಯಾವನೋ ಏನೂ ನೋಡ್ದೆ ಓಡಿಸ್ತಾನೆ. ನಿಂಗೆ ಹೇಳಿದ್ರೆ ನನ್ನನ್ನ ಹೊಸ್ಲು ದಾಟೋಕೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅವರ ಅಂಗಿಯನ್ನು ಬಿಸಿಲಿಗೆ ಹಿಡಿದು ನಾನು ಹುಡುಕುತ್ತಿದ್ದ ದಿನಗಳಲ್ಲೆಲ್ಲ ಅವರು ಹೀಗೆ ಹೋಗಿ ಹೀಗೆ ಬರುತ್ತಿದ್ದರು. ಆ ಗಲ್ಲಿಯಲ್ಲಿ ಒಬ್ಬ ಹೆಂಗಸೇ ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು ಎನ್ನಿಸಿತು. ಜುಟ್ಟು ಹಿಡಿದು ಜಗಳ ಆಡಿ ಬರಬಹುದಿತ್ತು. ಈ ಕಬ್ಬಿಣದ ಜೊತೆ ಏನು ಜಗಳ ಆಡಲಿ?

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನೂ ಕೂತೆ. ಅವರು ಕೂರಿಸಿ ತೆಗೆಯುವರು, ನಾನು ತೂತಿನ ಬಾಯಿ ನೋಡಿ ಹೂಂ ಅಥವಾ ಊಹೂಂ ಎನ್ನುವೆ. ರಾಶಿಯೆಲ್ಲ ಮುಗಿದಾಗ ಆರಿಸಿದವನ್ನು ಲಾರಿಗೆ ಹಾಕಿ, ಸ್ಪಾನರಿನ ಮೇಲೆ ಕಾಲಿಟ್ಟು ಬಿಗಿ ಮಾಡಿದರು.

"ಎಲ್ಲಾ ಸರಿಹೋಯ್ತಾ? ಇನ್ನು ಭಯ ಇಲ್ಲ ತಾನೇ?" ಎಂದು ಕೇಳಿದೆ.

"ಎಲ್ಲಾ ಸರಿಹೋಯ್ತು ಕಣೇ," ಎಂದರು. ಈ ಸಲ ನನ್ನ ಮುಖ ನೋಡಿಯೇ ಹೇಳಿದರು.

ಆಮೇಲೆ ನಮ್ಮನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿದರು. ಕಂಡಕ್ಟರಿಗೆ ನಮ್ಮನ್ನು ಚಿಕ್ಕಬಳ್ಳಾಪುರದಲ್ಲಿ ಜೋಪಾನವಾಗಿ ಇಳಿಸಲು ಹೇಳಿ, ತಾವು ಅದೇ ದಾರಿಯಲ್ಲಿ ವಾಪಸು ಬರಬೇಕಿದ್ದ ಲಾರಿಯ ಕಡೆಗೆ ನಡೆದರು.